ದಾರಿ ತಪ್ಪಿದ ಹಕ್ಕಿಯೋ, ಯಾರೂ ನೋಡದ ಹಕ್ಕಿಯೋ?

ಮಳೆ ಹಿಂದೆ ಸರಿದು ಗುಡ್ಡೆಯ ಮುಳಿಹುಲ್ಲು ಹಳದಿಗೆ ತಿರುಗುವ ಹೊತ್ತಿಗೆ ನಮ್ಮ ಕಾಸರಗೋಡಿನ ಕಡೆಯ ತೋಟದ ಬೇಲಿಗಳ ಮೇಲೆ ಒಂದು ಹಕ್ಕಿ ಬಂದು ಕುಳಿತಿರುತ್ತದೆ. ಗಾತ್ರದಲ್ಲಿ ಪಿಕಳಾರದಷ್ಟು. ಬೆನ್ನೆಲ್ಲ ಕಂದು, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮೇಲೆ ಬಯಲಾಟದ ಕಳ್ಳನಿಗೆ ಬಳಿದಂತೆ ಅಗಲವಾದೊಂದು ಕಪ್ಪು ಪಟ್ಟಿ. ಬಂದ ದಿನವೇ ಕರಕರ ಎಂದು ಗದ್ದಲವೆಬ್ಬಿಸಿ ಈ ಬೇಲಿ ತನ್ನದೆಂದು ಊರಿಗೆಲ್ಲ ಸಾರಿಬಿಡುತ್ತದೆ. ಮತ್ತೆ ಎಪ್ರಿಲ್ ತಿಂಗಳಲ್ಲಿ ಯಾರಿಗೂ ಹೇಳದೆ ಹೊರಟುಹೋಗುತ್ತದೆ. ಹೋದದ್ದು ನಮ್ಮ ಗಮನಕ್ಕೆ ಬರುವುದು ಬೇಲಿ ಬರಿದಾಗಿ ಎಂಟು ದಿನವಾದ ಮೇಲೆ.

ಕನ್ನಡದ ಪಕ್ಷಿ ಪುಸ್ತಕಗಳಲ್ಲಿ ಇದಕ್ಕೆ ಕಂದು ಕಳಿಂಗ ಎಂದು ಹೆಸರು. ಹುಟ್ಟೂರು ಸೈಬೀರಿಯಾ, ಮಂಗೋಲಿಯಾ, ಉತ್ತರ ಚೀನಾದ ಕಡೆ. ಒಂದು ಚಳಿಗಾಲವನ್ನು ಕಳೆದ ಜಾಗಕ್ಕೇ ಮುಂದಿನ ವರ್ಷವೂ ಅದೇ ಹಕ್ಕಿ ಮರಳಿ ಬರುವುದುಂಟೆಂದು ಕಾಲಿಗೆ ಉಂಗುರ ತೊಡಿಸಿ ಪರೀಕ್ಷಿಸಿದವರು ಕಂಡುಕೊಂಡಿದ್ದಾರೆ. ಸಾವಿರಾರು ಮೈಲು ದಾಟಿ ಬಂದು ಅದೇ ತೋಟ, ಅದೇ ಬೇಲಿ! ಮುಂಬಯಿಯಿಂದ ಬರುವ ನಮ್ಮ ನೆಂಟರು ಊರಿನ ಮನೆಯ ದಾರಿಗಾಗಿ ಇದಕ್ಕಿಂತ ಹೆಚ್ಚು ತಡಕಾಡುತ್ತಾರೆ.

ಇಷ್ಟು ಪರಿಚಿತವಾದ ಈ ಹಕ್ಕಿ 1985ರ ಶರತ್ಕಾಲದಲ್ಲಿ ಬ್ರಿಟನ್ನಿನ ಉತ್ತರ ತುದಿಯ ಶೆಟ್ಲೆಂಡ್ ದ್ವೀಪದಲ್ಲಿ ಒಂದೇ ಒಂದು ಕಾಣಿಸಿಕೊಂಡಿತು. ಆ ದೇಶದ ಮಟ್ಟಿಗೆ ಅದು ಮೊತ್ತಮೊದಲನೆಯದು. ಇಂತಹ ಹಕ್ಕಿ ಬಂದಿದೆಯೆಂದರೆ ಅಲ್ಲಿನ ಪಕ್ಷಿವೀಕ್ಷಕರು ಕೆಲಸ ಬಿಟ್ಟು ಹಡಗು ಹತ್ತುತ್ತಾರೆ. ಕುಂಬಳೆಯ ತೋಟದಲ್ಲಿ ಯಾರೂ ತಲೆಯೆತ್ತಿ ನೋಡದ ಹಕ್ಕಿ ಅಲ್ಲಿ ಅದ್ಭುತವಾಗುತ್ತದೆ. ಹಾಗಿರಲು ಅಪರೂಪವೆಂಬುದು ಹಕ್ಕಿಯ ಮೈಯಲ್ಲಿ ಇರುವ ಗುಣವಲ್ಲ. ಹಕ್ಕಿ ಯಾವುದು, ಊರು ಯಾವುದು ಎಂಬ ಎರಡೂ ಸೇರಿದರೆ ಮಾತ್ರ ಅದು ಹುಟ್ಟುತ್ತದೆ. ಇದಕ್ಕೆ ಮೂರನೆಯದೊಂದನ್ನು ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ನೋಡುವವರು ಇದ್ದಾರೆಯೆ, ಇಲ್ಲವೆ?

ಈ ಮೂರನೆಯ ಸಂಗತಿ ಎಲ್ಲಕ್ಕಿಂತ ಮುಖ್ಯವಾಗುವ ಒಂದು ಸೀಮೆಯ ವಿಚಾರವನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ. ಅದು ನಮ್ಮಂತೆಯೇ ಮನೆಯೊಳಗೆ ಕನ್ನಡ, ಹೊರಗೆ ಬೇರೆ ಭಾಷೆ ಆಡುವ ಕುಟುಂಬಗಳಿರುವ ಸೀಮೆ: ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು.

ಮೂರು ತಾಲೂಕು, ಒಂದೇ ಬಯಲು

ಹಳೆಯ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಗೆ ಸೇರಿದ್ದವು. ತಾಂಡೂರು ಗುಲ್ಬರ್ಗ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು, ಅಂದರೆ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ದಿನವೇ, ಅವು ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದ್ ತಾಲೂಕಿನ ನಿರ್ಣಾ ಭಾಗವೊಂದು ಮೈಸೂರು ರಾಜ್ಯಕ್ಕೆ ಉಳಿಯಿತು. ಬೀದರ ತಾಲೂಕಿನ ನ್ಯಾಲಕಲ್ ಭಾಗ ಆಚೆಗೆ ಹೋಯಿತು. ಅದೇ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣ ರಾಜಕೀಯವಲ್ಲ, ಹಕ್ಕಿಯ ಲೆಕ್ಕ. ಜಹೀರಾಬಾದಿನ ಒಂದು ಜಾಲಿ ಗಿಡವನ್ನು ಊಹಿಸಿಕೊಳ್ಳಿ. 1955ರಲ್ಲಿ ಅದರ ಮೇಲೆ ಕುಳಿತ ಹಕ್ಕಿ ಹೈದರಾಬಾದ್ ರಾಜ್ಯದ, ಬೀದರ ಜಿಲ್ಲೆಯ ಹಕ್ಕಿ. ಮರುವರ್ಷದ ಕೊನೆಗೆ ಬಂದು ಅಲ್ಲೇ ಕುಳಿತರೆ ಆಂಧ್ರದ, ಮೇದಕ್ ಜಿಲ್ಲೆಯ ಹಕ್ಕಿ. 2014ರ ಜೂನ್ 2ರ ನಂತರ ತೆಲಂಗಾಣದ ಹಕ್ಕಿ. 2016ರ ಅಕ್ಟೋಬರದಲ್ಲಿ ಹೊಸ ಜಿಲ್ಲೆಗಳಾದ ಮೇಲೆ ಸಂಗಾರೆಡ್ಡಿ ಜಿಲ್ಲೆಯ ಹಕ್ಕಿ. ತಾಂಡೂರಿನದಂತೂ ಇನ್ನೂ ದೊಡ್ಡ ಕತೆ: ಗುಲ್ಬರ್ಗ, ಹೈದರಾಬಾದ್, 1978ರಿಂದ ರಂಗಾರೆಡ್ಡಿ, 2016ರಿಂದ ವಿಕಾರಾಬಾದ್. ಪ್ರತಿ ರಾಜ್ಯಕ್ಕೂ, ಈಗೀಗ ಪ್ರತಿ ಜಿಲ್ಲೆಗೂ, ಪಕ್ಷಿಗಳ ಪಟ್ಟಿ ಬೇರೆ ಬೇರೆ ತಯಾರಾಗುವ ಕಾಲ ಇದು. ರಾಜ್ಯ ಒಡೆದಾಗಲೆಲ್ಲ ಪಟ್ಟಿಯನ್ನೂ ಮೊದಲಿಂದ ಕಟ್ಟಬೇಕಾಗುತ್ತದೆ. ಬೀದರದಲ್ಲಿ ಕಂಡದ್ದು ಕರ್ನಾಟಕದ ಲೆಕ್ಕಕ್ಕೆ. ಮೂವತ್ತು ಕಿಲೋಮೀಟರ್ ಆಚೆ ಜಹೀರಾಬಾದಿನಲ್ಲಿ ಯಾರೂ ನೋಡಿರದಿದ್ದರೆ ತೆಲಂಗಾಣದಲ್ಲಿ ಅದು 'ಅಪರೂಪ'.

ನೆಲ ಮಾತ್ರ ಒಂದೇ. ಬೀದರದ ಪ್ರಸ್ಥಭೂಮಿ ನಮ್ಮ ಕಡೆಯ ಪದವುಗಳಂತೆ ಮುರಕಲ್ಲಿನ ಹೊದಿಕೆ ಹೊತ್ತದ್ದು. ಆ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು 1807ರಲ್ಲಿ ಪ್ರಕಟವಾದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಗ್ರಂಥದಿಂದ. ಅವನು ಅದನ್ನು ಕಂಡದ್ದು ಮಲಬಾರಿನ ಅಂಗಾಡಿಪುರದಲ್ಲಿ. ಕೆಂಪು ಕಲ್ಲಿನ ಬೋಳುಗುಡ್ಡ, ಅದರ ಸುತ್ತ ಎರೆಮಣ್ಣಿನ ಹೊಲ, ಹೊಲದ ಬದುವಿನಲ್ಲಿ ಜಾಲಿ, ಬೋರೆ, ಕಾರೆ. ನಾರಾಯಣಖೇಡದ ಕಡೆ ಮಂಜೀರಾ ನದಿ, ತಾಂಡೂರಿನ ಬಳಿ ಕಾಗಿಣಾ. ತಾಂಡೂರೆಂದರೆ ನಮ್ಮಲ್ಲಿ ಅನೇಕರಿಗೆ ಮನೆಯ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲಿನ ನೆನಪು; ಈಗ ಅಲ್ಲಿನ ತೊಗರಿಗೂ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮುಳ್ಳುಗಿಡ, ತೆರೆದ ಹೊಲ, ಮಿಡತೆ ಇವು ಮೂರೂ ಇದ್ದಲ್ಲಿ ಕಳಿಂಗ ಇರಲೇಬೇಕು. ಅದರ ಕಸುಬು ಅಂಥದ್ದು.

ಮುಳ್ಳಿಗೆ ಸಿಕ್ಕಿಸುವ ಕಸುಬು

ಕಳಿಂಗ ಹಾಡುವ ಹಕ್ಕಿಗಳ ಬಳಗಕ್ಕೆ ಸೇರಿದ್ದು, ಆದರೆ ಬದುಕುವುದು ಗಿಡುಗನ ಹಾಗೆ. ಕೊಕ್ಕಿನ ತುದಿ ಕೊಂಕಿ, ಅದರ ಅಂಚಿನಲ್ಲಿ ಹಲ್ಲಿನಂತಹ ಕೊರೆ ಇದೆ. ಕಾಲು ಮಾತ್ರ ಬಡಪಾಯಿ ಗುಬ್ಬಿಯ ಕಾಲು. ಬೇಟೆಯನ್ನು ಅದುಮಿ ಹಿಡಿದು ಹರಿಯುವ ಉಗುರು ಅದಕ್ಕಿಲ್ಲ. ಆದುದರಿಂದ ಹಿಡಿದ ಮಿಡತೆ, ಓತಿಕೇತ, ಸಣ್ಣ ಇಲಿ ಮುಂತಾದುವನ್ನು ಜಾಲಿಯ ಮುಳ್ಳಿಗೋ ಮುಳ್ಳುತಂತಿಗೋ ಸಿಕ್ಕಿಸಿ, ಆಮೇಲೆ ಹರಿದು ತಿನ್ನುತ್ತದೆ. ಉಳಿದದ್ದು ಅಲ್ಲೇ ನೇತಾಡುತ್ತಿರುತ್ತದೆ. 16ನೆಯ ಶತಮಾನದ ಸ್ವಿಸ್ ವಿದ್ವಾಂಸ ಗೆಸ್ನರ್ ಇದನ್ನು ನೋಡಿಯೇ ಲೇನಿಯಸ್, ಅಂದರೆ ಕಟುಕ, ಎಂದು ಹೆಸರಿಟ್ಟ. ಆ ಹೆಸರೇ ಇಂದಿಗೂ ಶಾಸ್ತ್ರದಲ್ಲಿ ನಿಂತಿದೆ.

ಇದನ್ನು ಕ್ರೌರ್ಯವೆಂದು ತಿಳಿಯುವವರಿದ್ದಾರೆ. ನಮಗೇನೋ ಅದು ಉಗ್ರಾಣದ ಬುದ್ಧಿವಂತಿಕೆಯಾಗಿ ಕಾಣುತ್ತದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ 1980ರ ದಶಕದಲ್ಲಿ ಬೂದು ಕಳಿಂಗಗಳನ್ನು ಅಭ್ಯಾಸ ಮಾಡಿದವರು, ಯಾವ ಗಂಡಿನ ಮುಳ್ಳುಗಿಡದಲ್ಲಿ ದಾಸ್ತಾನು ಹೆಚ್ಚಿದೆಯೋ ಅದಕ್ಕೆ ಬೇಗ ಹೆಣ್ಣು ಒಲಿಯುತ್ತದೆಂದು ಕಂಡರು. ಅಮೆರಿಕದ ಒಂದು ಬಗೆಯ ಕಳಿಂಗ ವಿಷವಿರುವ ದೊಡ್ಡ ಮಿಡತೆಯನ್ನು ಹಿಡಿದರೆ ಕೂಡಲೇ ತಿನ್ನುವುದಿಲ್ಲ; ಒಂದೆರಡು ದಿನ ಮುಳ್ಳಿಗೆ ಸಿಕ್ಕಿಸಿಟ್ಟು, ವಿಷ ಇಳಿದ ಮೇಲೆ ತಿನ್ನುತ್ತದೆ. ಮಾವಿನಮಿಡಿಯನ್ನು ಉಪ್ಪಿನಲ್ಲಿ ಹಾಕಿ ಕಾಯುವ ನಮ್ಮ ಮನೆಯವರಿಗೆ ಇದು ಅರ್ಥವಾಗದ ಮಾತೇನೂ ಅಲ್ಲ.

ದಖ್ಖನಿನ ಬಯಲಿನಲ್ಲಿ ವರ್ಷವಿಡೀ ನೆಲೆಸಿರುವ ಕಳಿಂಗಗಳು ಮೂರು. ಅತಿ ಚಿಕ್ಕದು ಕೆಂಬೆನ್ನಿನದು, ಕಡುಗೆಂಪು ಬೆನ್ನು, ಬಿಳಿಯ ಸೊಂಟ. ಉದ್ದಬಾಲದ್ದು ತಲೆ ಬೂದು, ಬೆನ್ನಿನ ಕೆಳಭಾಗ ಕೆಂಗಂದು. ಎಲ್ಲಕ್ಕಿಂತ ದೊಡ್ಡದು ಬೂದು ಕಳಿಂಗ. ಬೂದು ಮೈಗೆ ಕಪ್ಪು ರೆಕ್ಕೆ, ಹಾರಿದಾಗ ಹೊಳೆಯುವ ಬಿಳಿ ಪಟ್ಟೆ. ಈ ಕೊನೆಯದರ ಭಾರತದ ಬಗೆಗೆ 'ಲಾಹ್ತೋರಾ' ಎಂಬ ಶಾಸ್ತ್ರೀಯ ಹೆಸರನ್ನು 1832ರಲ್ಲಿ ಕೊಟ್ಟವನು ಕರ್ನಲ್ ಸೈಕ್ಸ್; ಅವನ ಪಟ್ಟಿಯೇ ದಖ್ಖನಿನ ಹಕ್ಕಿಗಳದ್ದು. ಹಿಂದಿಯಲ್ಲಿ ಕಳಿಂಗಕ್ಕೆ ಲಟೋರಾ ಎನ್ನುವುದು ಕೇಳಿದವರಿಗೆ ಆ ಹೆಸರು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಚಳಿಗಾಲಕ್ಕೆ ಇವುಗಳ ಜತೆ ನಮ್ಮ ಬೇಲಿಯ ಕಂದು ಕಳಿಂಗವೂ ಸೇರಿಕೊಳ್ಳುತ್ತದೆ.

ಮರಳು ಬಣ್ಣದ ಅತಿಥಿ

ಇನ್ನು ಅಪರೂಪದ ಅತಿಥಿಯ ವಿಚಾರ. ಕಂದು ಕಳಿಂಗಕ್ಕೆ ಹತ್ತಿರದ ದಾಯಾದಿಯೊಂದಿದೆ. ಅದರ ಇಂಗ್ಲಿಷ್ ಹೆಸರು ಇಸಬೆಲ್ಲಿನ್ ಶ್ರೈಕ್. ನಾವು ಸದ್ಯಕ್ಕೆ ಮರಳು ಕಳಿಂಗ ಎಂದು ಕರೆಯೋಣ, ಏಕೆಂದರೆ ಇಸಬೆಲ್ಲಾ ಬಣ್ಣವೆಂದರೆ ಮಾಸಿದ ಹಳದಿಗಂದು. ಸ್ಪೇನಿನ ರಾಜಪುತ್ರಿ ಇಸಬೆಲ್ಲಾ, 1601ರಲ್ಲಿ ಆರಂಭವಾದ ಒಸ್ಟೆಂಡ್ ಮುತ್ತಿಗೆ ಮುಗಿಯುವವರೆಗೆ ಒಳಂಗಿ ಬದಲಿಸುವುದಿಲ್ಲವೆಂದು ಹರಕೆ ಹೊತ್ತಳಂತೆ; ಮುತ್ತಿಗೆ ಮೂರು ವರ್ಷ ನಡೆಯಿತು, ಅಂಗಿಗೆ ಬಂದ ಬಣ್ಣವೇ ಇಸಬೆಲ್ಲಾ ಎಂದು ಕತೆ. ಆದರೆ 1600ರ ಇಂಗ್ಲೆಂಡ್ ರಾಣಿಯ ಉಡುಪಿನ ಪಟ್ಟಿಯಲ್ಲಿಯೇ ಈ ಬಣ್ಣದ ಹೆಸರು ಇದೆ. ಕತೆ ಸುಳ್ಳಾದರೂ ಬಣ್ಣವನ್ನು ಮರೆಯದಂತೆ ಮಾಡುತ್ತದೆ.

ಮಂಗೋಲಿಯಾ ಮತ್ತು ಉತ್ತರ ಚೀನಾದಲ್ಲಿ ಮರಿ ಮಾಡುವ ಈ ಹಕ್ಕಿ ಚಳಿಗಾಲಕ್ಕೆ ವಾಯವ್ಯ ಭಾರತ, ಅರೇಬಿಯಾ ಮತ್ತು ಆಫ್ರಿಕಕ್ಕೆ ಬರುತ್ತದೆ. ಕಝಾಕಿಸ್ತಾನ, ಉಜ್ಬೇಕಿಸ್ತಾನದ ಕಡೆಯಿಂದ ಹೊರಡುವ ಇನ್ನೊಂದಕ್ಕೆ ಕೆಂಬಾಲದ ಕಳಿಂಗ ಎನ್ನಬಹುದು. ಹಿಂದೆ ಇವನ್ನೂ ಕಂದು ಕಳಿಂಗವನ್ನೂ ಯುರೋಪಿನ ಕೆಂಬೆನ್ನಿನದನ್ನೂ ಒಂದೇ ಜಾತಿಯ ಕವಲುಗಳೆಂದು ಎಣಿಸಿದ ಪಂಡಿತರಿದ್ದರು. ಈಗ ನಾಲ್ಕನ್ನೂ ಬೇರೆ ಬೇರೆ ಮಾಡಿದ್ದಾರೆ. ರಾಜಸ್ಥಾನ, ಗುಜರಾತಿನ ಒಣ ಬಯಲಿನಲ್ಲಿ ಮರಳು ಕಳಿಂಗವನ್ನು ಕಾಣುವುದು ಕಷ್ಟವಲ್ಲ. ದಕ್ಷಿಣಕ್ಕೆ ಬಂದಂತೆ ಅದು ವಿರಳವಾಗುತ್ತ ಹೋಗಿ, ದಖ್ಖನಿನಲ್ಲಿ ಎಲ್ಲೋ ಒಂದೊಂದು ಎನ್ನುವಂತಾಗುತ್ತದೆ. ಅದು ಬಂದರೆ ಎಲ್ಲಿ ಬರಬೇಕು? ರಾಜಸ್ಥಾನದ ನೆಲವನ್ನು ಹೋಲುವ ಮುಳ್ಳುಬಯಲಿಗೆ. ಜಹೀರಾಬಾದಿನಿಂದ ತಾಂಡೂರಿನವರೆಗೆ ಅಂತಹ ನೆಲಕ್ಕೆ ಬರಗಾಲವಿಲ್ಲ.

ಯುರೋಪಿನಿಂದ ಮಧ್ಯ ಏಷ್ಯಾದವರೆಗೆ ಮರಿ ಮಾಡುವ ಕೆಂಬೆನ್ನಿನ ಕಳಿಂಗದ್ದು (ದಖ್ಖನಿನ ಚಿಕ್ಕದಲ್ಲ, ಅದು ಬೇರೆ) ಇನ್ನೂ ವಿಚಿತ್ರ. ಅದಕ್ಕೆ ಚಳಿಗಾಲದ ಮನೆ ಆಫ್ರಿಕ. ಮಧ್ಯ ಏಷ್ಯಾದ ಹಕ್ಕಿಗಳು ಅಲ್ಲಿಗೆ ಹೋಗುವ ದಾರಿ ಮಾತ್ರ ನಮ್ಮ ಕಛ್ ಪ್ರದೇಶದ ಮೇಲೆ ಹಾಯುತ್ತದೆ. ಆಗಸ್ಟ್ ಕೊನೆಯಿಂದ ಕೆಲವು ವಾರ ಕಛ್‌ನ ಪೊದೆಗಳಲ್ಲಿ ಇವು ತಂಗಿ, ಹೊಟ್ಟೆ ತುಂಬಿಸಿಕೊಂಡು, ಸಮುದ್ರ ದಾಟುತ್ತವೆ. ಡೆನ್ಮಾರ್ಕಿನ ವಿಜ್ಞಾನಿಗಳು ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ನೋಡಿದಾಗ ಯುರೋಪಿನವು ಹೋಗುವಾಗ ಒಂದು ದಾರಿ, ಬರುವಾಗ ಅರೇಬಿಯಾ ಸುತ್ತಿ ಇನ್ನೊಂದು ದಾರಿ ಹಿಡಿಯುವುದು ಗೊತ್ತಾಯಿತು. 2011ರಲ್ಲಿ ಆಫ್ರಿಕದ ಪೂರ್ವ ಕೊಂಬಿನಲ್ಲಿ ಭೀಕರ ಬರ ಬಿದ್ದಾಗ ಅಲ್ಲಿ ತಂಗಿದ ಕಳಿಂಗಗಳು ಹೊಟ್ಟೆ ತುಂಬದೆ ತಡವಾಗಿ ಹೊರಟು, ಉತ್ತರ ಯುರೋಪಿಗೆ ತಡವಾಗಿ ಮುಟ್ಟಿದವು. ನಡುದಾರಿಯ ಅನ್ನಛತ್ರ ಮುಚ್ಚಿದರೆ ಮನೆಯವರೆಗೂ ಅದರ ಪರಿಣಾಮ.

ದಾರಿ ತಪ್ಪುವುದೇಕೆ? 1950ರ ದಶಕದಲ್ಲಿ ಹಾಲೆಂಡಿನ ಪರ್ಡೆಕ್ ಎಂಬ ವಿಜ್ಞಾನಿ ಇದಕ್ಕೊಂದು ಸೊಗಸಾದ ಪರೀಕ್ಷೆ ಮಾಡಿದರು. ವಲಸೆಯಲ್ಲಿದ್ದ ಹನ್ನೊಂದು ಸಾವಿರಕ್ಕೂ ಹೆಚ್ಚು ಕಬ್ಬಕ್ಕಿಗಳನ್ನು ಹೇಗ್ ನಗರದ ಬಳಿ ಹಿಡಿದು, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟರು. ಮೊದಲೇ ದಾರಿ ನೋಡಿದ್ದ ಹಿರಿಯ ಹಕ್ಕಿಗಳು ದಿಕ್ಕು ತಿದ್ದಿಕೊಂಡು ತಮ್ಮ ಎಂದಿನ ಚಳಿಗಾಲದ ಊರಿನ ಕಡೆಗೇ ತಿರುಗಿದವು. ಆ ವರ್ಷ ಹುಟ್ಟಿದ ಮರಿಗಳು ಮಾತ್ರ, ಹೇಗ್‌ನಿಂದ ಹೊರಟಿದ್ದರೆ ಯಾವ ದಿಕ್ಕಿಗೆ ಹೋಗುತ್ತಿದ್ದವೋ ಅದೇ ದಿಕ್ಕಿಗೆ ಹಾರಿ, ದಕ್ಷಿಣ ಫ್ರಾನ್ಸ್, ಸ್ಪೇನುಗಳಿಗೆ ಹೋಗಿ ಇಳಿದವು. ಇಷ್ಟು ದಿನ ಈ ದಿಕ್ಕಿಗೆ ಹಾರು ಎಂಬುದು ಹುಟ್ಟಿನಿಂದಲೇ ಬಂದ ಅಪ್ಪಣೆ. ಊರು ಯಾವುದೆಂಬುದು ಅನುಭವದಿಂದ ಕಲಿಯುವ ಪಾಠ. ಅಪ್ಪಣೆಯಲ್ಲಿ ದಿಕ್ಕು ಕೊಂಚ ಹೆಚ್ಚುಕಡಿಮೆಯಾದರೆ, ಇಲ್ಲವೆ ಗಾಳಿ ಪಕ್ಕಕ್ಕೆ ತಳ್ಳಿದರೆ, ರಾಜಸ್ಥಾನದಲ್ಲಿ ಇಳಿಯಬೇಕಾದ ಮರಿ ನಾರಾಯಣಖೇಡದಲ್ಲಿ ಇಳಿದೀತು. ಅಂತಹ ಹಕ್ಕಿಗಳಲ್ಲಿ ಹೆಚ್ಚಿನವು ಮೊದಲ ವರ್ಷದವೇ ಆಗಿರುವುದಕ್ಕೆ ಇದೇ ಕಾರಣ.

ಇಂತಹ ಹಕ್ಕಿಗೆ ಇಂಗ್ಲಿಷಿನಲ್ಲಿ 'ವೇಗ್ರಂಟ್' ಎನ್ನುತ್ತಾರೆ. ಕನ್ನಡದಲ್ಲಿ ಕೆಲವರು 'ಅಲೆಮಾರಿ' ಎಂದು ಬರೆಯುವುದು ನಮಗೆ ಹಿಡಿಸದು. ಕುರಿ ಕಾಯುವವರಿಗೂ ಲಂಬಾಣಿಗಳಿಗೂ ಅವರವರ ದಾರಿ, ಕಾಲ, ಇಳಿದಾಣ ಚೆನ್ನಾಗಿ ಗೊತ್ತಿರುತ್ತಿತ್ತು. ಅವರು ದಾರಿ ತಪ್ಪಿದವರಲ್ಲ. 'ದಾರಿತಪ್ಪಿದ ಅತಿಥಿ' ಎಂದರೆ ಉದ್ದವಾದರೂ ಸರಿಯಾದ ಮಾತು.

ನೋಡಿದವರು ಯಾರು?

ಹಾಗಾದರೆ ಮರಳು ಕಳಿಂಗ ಈ ಮೂರು ತಾಲೂಕುಗಳಿಗೆ ದಾರಿತಪ್ಪಿದ ಅತಿಥಿಯೆ? ಅಥವಾ ಪ್ರತಿ ಚಳಿಗಾಲವೂ ನಾಲ್ಕೋ ಐದೋ ಬಂದು, ಜಾಲಿಯ ಮೇಲೆ ಕುಳಿತು, ಯಾರ ಕಣ್ಣಿಗೂ ಬೀಳದೆ ಹೋಗುವ ಖಾಯಂ ಬಿಡಾರದ ಹಕ್ಕಿಯೆ? ಇವೆರಡರ ನಡುವಿನ ಅಂತರ ಸಣ್ಣದಲ್ಲ. ದಾರಿತಪ್ಪಿದ ಹಕ್ಕಿಗಾಗಿ ಯಾರೂ ನೆಲ ಕಾಯ್ದಿಡುವುದಿಲ್ಲ, ಕಾಯ್ದಿಡಬೇಕಾಗಿಯೂ ಇಲ್ಲ. ವರ್ಷವರ್ಷವೂ ಬರುವ ಹಕ್ಕಿಯಾದರೆ ಆ ಜಾಲಿಯ ಬಯಲು ಅದರ ಮನೆ.

ಹೈದರಾಬಾದ್ ಸಂಸ್ಥಾನದ ಹಕ್ಕಿಗಳನ್ನು ಮೊದಲು ಕ್ರಮವಾಗಿ ಸರ್ವೇ ಮಾಡಿದವರು ಸಲೀಂ ಅಲಿ. 1930ರ ದಶಕದ ಆರಂಭದ ಆ ಕೆಲಸ, ಇಂಗ್ಲೆಂಡಿನ ಹ್ಯೂ ವಿಸ್ಲರ್ ಅವರ ಟಿಪ್ಪಣಿಗಳೊಡನೆ, ಮುಂಬಯಿಯ ನೇಚರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933–34ರಲ್ಲಿ ಕಂತುಕಂತಾಗಿ ಬಂತು. ಬಹು ದೊಡ್ಡ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಂಬತ್ತು ಸಾವಿರ ಚದರ ಮೈಲಿಗೂ ಮಿಕ್ಕಿದ ಸಂಸ್ಥಾನವನ್ನು ಕೆಲವೇ ಬಿಡಾರಗಳಿಂದ ನೋಡಿದ್ದು ಅದು. ಒಂದು ಬಿಡಾರದಲ್ಲಿ ಕೆಲವು ದಿನ, ಮತ್ತೆ ಮುಂದಕ್ಕೆ. ಬಿಡಾರವಿಲ್ಲದ ತಾಲೂಕಿನ ಜಾಲಿಗಿಡದಲ್ಲಿ ಏನಿತ್ತೆಂಬುದು ಆ ಪುಟಗಳಿಗೆ ಗೊತ್ತಿರಲು ಸಾಧ್ಯವಿಲ್ಲ.

ನಮ್ಮ ಕೇರಳದ ಮಾತು ಬೇರೆ. ಇಲ್ಲಿ 2015ರಿಂದ 2020ರ ತನಕ ಪಕ್ಷಿಗಳ ನಕ್ಷೆಯನ್ನೇ ತಯಾರಿಸಿದರು. ರಾಜ್ಯಮಟ್ಟದಲ್ಲಿ ಭಾರತಕ್ಕೇ ಅದು ಮೊದಲನೆಯದು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಹದಿನಾಲ್ಕು ಜಿಲ್ಲೆಗಳನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚಿಕೊಂಡು, ಬೇಸಗೆಗೊಮ್ಮೆ ಮಳೆಗಾಲಕ್ಕೊಮ್ಮೆ ಪ್ರತಿ ಚೌಕಕ್ಕೂ ಹೋಗಿ ಬಂದರು. ಮೂರು ಲಕ್ಷದಷ್ಟು ದಾಖಲೆ, 361 ಜಾತಿ. ಕಾಸರಗೋಡಿನ ಒಂದು ಪದವಿನಲ್ಲಿ ಮರಳು ಕಳಿಂಗ ಇಲ್ಲವೆಂದರೆ, ಹೋಗಿ ನೋಡಿದವರ ಮಾತಾದುದರಿಂದ ಆ 'ಇಲ್ಲ'ಕ್ಕೆ ಬೆಲೆಯಿದೆ. ಅಂತಹ ಚೌಕಗಳನ್ನು ಯಾರೂ ಎಳೆಯದ ಊರಿನ 'ಇಲ್ಲ'ಕ್ಕೆ ಏನು ಬೆಲೆ? ಹೈದರಾಬಾದಿನ ಪಕ್ಷಿವೀಕ್ಷಕರು ಹೋಗುವುದು ಹೆಚ್ಚಾಗಿ ನಗರದ ಸುತ್ತಣ ಕೆರೆಗಳಿಗೆ, ಅದಲ್ಲದಿದ್ದರೆ ಮಂಜೀರಾ ಅಭಯಾರಣ್ಯಕ್ಕೆ. ಅವರನ್ನು ತಪ್ಪು ಹೇಳಲಾರೆವು. ಭಾನುವಾರ ಬೆಳಿಗ್ಗೆ ಒಂದೇ ಕಡೆ ನೂರು ಜಾತಿ ಕಾಣುವಲ್ಲಿಗೆ ಯಾರು ತಾನೆ ಹೋಗುವುದಿಲ್ಲ? ಮುಳ್ಳುಗಿಡದ ಬೋಳು ಬಯಲಿಗೆ ಹೋಗುವವನಿಗೆ ಸ್ವಲ್ಪ ಹಟ ಬೇಕು, ಇಲ್ಲವೆ ಆ ಬಯಲಿನ ಪಕ್ಕದಲ್ಲಿ ಮನೆ ಇರಬೇಕು.

ಇನ್ನೊಂದು ತೊಡಕು ಗುರುತಿಸುವುದರಲ್ಲಿದೆ. ಮರಳು ಕಳಿಂಗದ ಹೆಣ್ಣು ಮತ್ತು ಮರಿ ಮೇಲ್ನೋಟಕ್ಕೆ ಕಂದು ಕಳಿಂಗದಂತೆಯೇ. ಎದೆಯ ಮೇಲೆ ಹುರುಪೆಯಂತಹ ಗೀರು ಎರಡರ ಮರಿಗಳಿಗೂ ಉಂಟು. ನೋಡಬೇಕಾದ್ದು ಬಾಲ. ಮರಳು ಕಳಿಂಗದ ಬೆನ್ನು ಮಾಸಲು ಮರಳಿನದ್ದು, ಆದರೆ ಸೊಂಟ ಮತ್ತು ಬಾಲ ಇಟ್ಟಿಗೆಗೆಂಪು. ಹಾರಿದಾಗ ಬೆನ್ನಿಗೂ ಬಾಲಕ್ಕೂ ಹೊಂದಿಕೆಯೇ ಇಲ್ಲದಂತೆ ಎದ್ದು ಕಾಣುತ್ತದೆ. ಕಂದು ಕಳಿಂಗದಲ್ಲಿ ಬೆನ್ನು, ಬಾಲ ಎರಡೂ ಹೆಚ್ಚುಕಡಿಮೆ ಒಂದೇ ಕಂದು. ಮರಳು ಕಳಿಂಗದ ಗಂಡಾದರೆ ರೆಕ್ಕೆಯಲ್ಲಿ ಪುಟ್ಟ ಬಿಳಿ ಮಚ್ಚೆ ಇರುತ್ತದೆ, ಕಂದಿಗೆ ಇಲ್ಲ. ನೆತ್ತಿ ಕೆಂಪಾಗಿ, ಹುಬ್ಬು ಬೆಳ್ಳಗೆ ಸ್ಪಷ್ಟವಾಗಿ, ಬೆನ್ನು ತುಸು ಗಾಢವಾಗಿದ್ದರೆ ಕೆಂಬಾಲದ ಕಳಿಂಗವೆಂದು ಸಂದೇಹಪಡಬಹುದು. ಮರಿಗಳಲ್ಲಿ ಈ ಕೊನೆಯ ಭೇದವನ್ನು ನಿಶ್ಚಯಿಸಲು ಪಳಗಿದವರೂ ಹಿಂಜರಿಯುತ್ತಾರೆ. ಹಿಂದೆ ಹಕ್ಕಿಯನ್ನು ಕೋವಿಯಿಂದ ಹೊಡೆದು ಚರ್ಮ ಇಟ್ಟುಕೊಂಡರೆ ಮಾತ್ರ ದಾಖಲೆ. ಈಗ ಒಂದು ಛಾಯಾಚಿತ್ರ, ತಾರೀಕು, ಊರಿನ ಹೆಸರು ಸಾಕು. ಈ ಒಂದು ವಿಷಯದಲ್ಲಿ ಕಾಲ ಒಳ್ಳೆಯದಾಗಿದೆಯೆಂದು ಹೇಳಲು ನಮಗೆ ಸಂಕೋಚವಿಲ್ಲ.

ಮನೆಯದೇ ಕಾಣೆಯಾದರೆ

ಅತಿಥಿಯ ಸಂಭ್ರಮದಲ್ಲಿ ಮನೆಯವರನ್ನು ಮರೆಯುವುದು ಮದುವೆ ಮನೆಗಳಲ್ಲಿ ನಡೆಯುವ ಸಂಗತಿ. ಪಕ್ಷಿ ಪ್ರಪಂಚದಲ್ಲೂ ಹಾಗೆಯೇ. ಎಲ್ಲೋ ಒಂದು ಅಪರೂಪದ ಕಳಿಂಗ ಬಂತೆಂದರೆ ಮರುದಿನ ದೊಡ್ಡ ದೊಡ್ಡ ಕ್ಯಾಮರಾಗಳ ಸಾಲು. ಅದೇ ಗಿಡದ ಪಕ್ಕದ ಗಿಡದಲ್ಲಿದ್ದ ಬೂದು ಕಳಿಂಗ ಕಳೆದ ವರ್ಷದಿಂದ ಇಲ್ಲವೆಂಬುದನ್ನು ಯಾರೂ ವಿಚಾರಿಸುವುದಿಲ್ಲ.

2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ಈ ದೃಷ್ಟಿಯಿಂದ ಓದತಕ್ಕದ್ದು. ದೇಶದ ಸುಮಾರು 30,000 ಪಕ್ಷಿವೀಕ್ಷಕರು ಕೊಟ್ಟ ಮೂರು ಕೋಟಿ ದಾಖಲೆಗಳಿಂದ 942 ಜಾತಿಗಳನ್ನು ಅಳೆದ ಆ ವರದಿಯ ಪ್ರಕಾರ, ಬೂದು ಕಳಿಂಗ ದೀರ್ಘಾವಧಿಯಲ್ಲಿ ನೂರಕ್ಕೆ ಎಂಬತ್ತಕ್ಕಿಂತಲೂ ಹೆಚ್ಚು ಇಳಿದಿದೆ. ಕಾಡಿನ ಹಕ್ಕಿಯಲ್ಲ, ಹಿಮಾಲಯದ ಹಕ್ಕಿಯಲ್ಲ. ಸೈಕ್ಸನ ಪಟ್ಟಿಗೆ ದಖ್ಖನಿನ ಬಯಲು ಕೊಟ್ಟ ಹಕ್ಕಿ. ತೆರೆದ ಬಯಲಿನ ಹಕ್ಕಿಗಳೇ ಹೆಚ್ಚಾಗಿ ಕುಸಿಯುತ್ತಿವೆಯೆಂದು ವರದಿ ಹೇಳುತ್ತದೆ. ಸರಕಾರಿ ಕಾಗದದಲ್ಲಿ ಇಂತಹ ಬಯಲಿಗೆ 'ಪಾಳು' ಎಂದು ಹೆಸರು. ಪಾಳೆಂದು ಬರೆದ ಮೇಲೆ ಅಲ್ಲಿ ಏನನ್ನು ಕಟ್ಟಿದರೂ ಲಾಭವೇ ಎಂಬ ಭಾವನೆ ಬರುವುದು ಸಹಜ.

ಜಹೀರಾಬಾದಿನ ಕಡೆ ನ್ಯಾಲಕಲ್ ಮತ್ತು ಝರಾಸಂಗಮ ಮಂಡಲಗಳಲ್ಲಿ ಸುಮಾರು 12,600 ಎಕರೆಯ ದೊಡ್ಡ ಕೈಗಾರಿಕಾ ವಲಯದ ಯೋಜನೆ ಇದೆ. ಉದ್ಯೋಗ ಬೇಕು, ಕಾರ್ಖಾನೆಯೂ ಬೇಕು. ಇದರ ಪರ ವಿರೋಧ ಅಲ್ಲಿನವರೇ ತೀರ್ಮಾನಿಸತಕ್ಕದ್ದು. ನಾವು ಹೇಳುವುದಿಷ್ಟೆ: ನೆಲ ಹೋಗುವ ಮೊದಲು ಆ ನೆಲದಲ್ಲಿ ಏನಿತ್ತೆಂದು ಬರೆದಿಡುವವರು ಬೇಕು. ಅದೇ ಝರಾಸಂಗಮದ ಸುತ್ತಮುತ್ತಲಿನ ಹಳ್ಳಿಗಳಲ್ಲಿ, ಪಸ್ತಾಪುರವನ್ನು ಕೇಂದ್ರವಾಗಿಟ್ಟುಕೊಂಡು, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1980ರ ದಶಕದಿಂದ ಬಡ ಹೆಂಗಸರ ಸಂಘಗಳನ್ನು ಕಟ್ಟಿ ಜೋಳ, ನವಣೆ, ತೊಗರಿ, ಹೆಸರು, ಅಲಸಂದೆಗಳನ್ನು ಒಂದೇ ಹೊಲದಲ್ಲಿ ಬೆಳೆಯುವ ಹಳೆಯ ಪದ್ಧತಿಯನ್ನು ಉಳಿಸಿದೆ. ಅದನ್ನು ಮುನ್ನಡೆಸಿದ ಪಿ. ವಿ. ಸತೀಶ್ ಮೈಸೂರಿನವರು, ದೂರದರ್ಶನದ ಕೆಲಸ ಬಿಟ್ಟು ಈ ಕಡೆಗೆ ಬಂದವರು, 2023ರಲ್ಲಿ ತೀರಿಕೊಂಡರು. ಸಂಕ್ರಾಂತಿಯ ಹೊತ್ತಿಗೆ ಈ ಹೆಂಗಸರು ಬಿತ್ತನೆ ಬೀಜಗಳನ್ನು ಅಲಂಕರಿಸಿದ ಎತ್ತಿನ ಗಾಡಿಗಳಲ್ಲಿಟ್ಟು ಹಳ್ಳಿಯಿಂದ ಹಳ್ಳಿಗೆ ಜಾತ್ರೆ ಮಾಡುತ್ತಾರೆ. ಔಷಧ ಹೊಡೆಯದ ಇಂತಹ ಹೊಲದಲ್ಲಿ ಮಿಡತೆ ಇರುತ್ತದೆ, ಜೋಳದ ತೆನೆಯ ಮೇಲೆ ಕೂರಲು ಜಾಗವಿರುತ್ತದೆ, ಬದುವಿನಲ್ಲಿ ಮುಳ್ಳು ಇರುತ್ತದೆ. ಬರೇ ಹತ್ತಿ ಅಥವಾ ಬರೇ ಕಬ್ಬು ತುಂಬಿದ ಹೊಲದಲ್ಲಿ ಕಳಿಂಗಕ್ಕೆ ಕೆಲಸವಿಲ್ಲ. ಜಾತ್ರೆಯ ಕಾಲವೂ ಚಳಿಗಾಲದ ಕಳಿಂಗಗಳು ಬಯಲಿನಲ್ಲಿರುವ ಕಾಲವೂ ಒಂದೇ ಎಂಬುದನ್ನು ಅಲ್ಲಿಗೆ ಹೋಗುವ ಉದ್ದೇಶವುಳ್ಳವರು ನೆನಪಿಟ್ಟುಕೊಂಡರೆ ಒಳ್ಳೆಯದು.

ನಮ್ಮ ಓದುಗರಲ್ಲಿ ಬೀದರ, ಕಲಬುರಗಿಯ ಕಡೆ ಶಾಲಾ ಮಾಸ್ತರರಾಗಿಯೋ ಬ್ಯಾಂಕಿನವರಾಗಿಯೋ ಇರುವ ನೆಂಟರುಳ್ಳವರಿರಬಹುದು. ಗಡಿ ದಾಟಿದರೆ ಜಹೀರಾಬಾದ್ ಒಂದು ಗಂಟೆಯ ದಾರಿ. ಹೊಲದ ಬದುವಿನಲ್ಲಿ ಕಪ್ಪು ಮುಖಪಟ್ಟಿಯ ಹಕ್ಕಿ ಕಂಡರೆ ಅವರು ಮೊದಲು ಬಾಲ ನೋಡಲಿ. ಕಂದಾದರೆ ನಮ್ಮ ತೋಟದ ಪರಿಚಯದ್ದೇ. ಬೂದಾಗಿ ದೊಡ್ಡದಾಗಿದ್ದರೆ, ಎಷ್ಟು ಜೋಡಿ ಇವೆಯೆಂದು ಎಣಿಸಿ, ಮುಂದಿನ ವರ್ಷವೂ ಅಲ್ಲೇ ಹೋಗಿ ಎಣಿಸಲಿ. ಇಟ್ಟಿಗೆಗೆಂಪು ಬಾಲ ಕಂಡರೆ ಒಂದು ಚಿತ್ರ ತೆಗೆದು, ತಾರೀಕು, ಹಳ್ಳಿಯ ಹೆಸರು, ಕುಳಿತಿದ್ದ ಗಿಡದ ಹೆಸರು ಬರೆದಿಡಲಿ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ, ಅದೇ ಗಿಡದಲ್ಲಿ ಇದೆಯೇ ಎಂದು ನೋಡಿದರಂತೂ ಇನ್ನೂ ಲೇಸು. ಒಂದೇ ದಿನ ಕಂಡು ಮಾಯವಾದದ್ದು ಹಾದುಹೋದ ಹಕ್ಕಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಒಂದೇ ಜಾಲಿಯನ್ನು ಬಿಡದ್ದು, ಮರುವರ್ಷವೂ ಅಲ್ಲಿಗೇ ಬಂದದ್ದು, ಬೇರೆಯೇ ಲೆಕ್ಕದ ಹಕ್ಕಿ.